ನಂಬಿಕೊಂಡು ಬಂದದ್ದು

ನಮ್ಮ ಕರಾವಳಿಯಲ್ಲಿ ಹೊಸದಾಗಿ ಪರಿಚಯವಾದವರು ಊರು, ಮನೆ ಎಲ್ಲ ವಿಚಾರಿಸಿ ಆದಮೇಲೆ ಮೆಲ್ಲನೆ ಕೇಳುವ ಪ್ರಶ್ನೆಯೊಂದುಂಟು: "ನೀವು ನಂಬಿಕೊಂಡು ಬಂದದ್ದು ಯಾವ ದೈವ?" ಅದರ ಬೆನ್ನಿಗೇ ಮೂಲ ನಾಗಬನ ಎಲ್ಲಿ, ಕುಟುಂಬದ ಮೂಲಮನೆಯಾದ ತರವಾಡು ಯಾವುದು, ವರ್ಷಾವಧಿಗೆ ಹೋಗುವ ಕ್ರಮ ಉಂಟೋ ಎಂಬ ವಿಚಾರಣೆ. ದೇವರು ಇದ್ದಾನೋ ಇಲ್ಲವೋ ಎಂದು ಇಲ್ಲಿನ ಹಿರಿಯರ್‍ಯಾರೂ ನನ್ನನ್ನು ಕೇಳಿದ್ದಿಲ್ಲ. ಅದನ್ನು ಕೇಳಿದವರೆಲ್ಲ ಕಾಲೇಜಿನ ಗೆಳೆಯರು, ಅದೂ ಊಟ ಮುಗಿದು ಮಾತಿಗೆ ಬೇರೆ ವಿಷಯ ಉಳಿಯದಿದ್ದಾಗ.

ಇದ್ದಾನೋ ಇಲ್ಲವೋ ಎಂಬುದಕ್ಕೆ ಒಂದು ಅಭಿಪ್ರಾಯ ಇಟ್ಟುಕೊಂಡರೆ ಸಾಕು, ಖರ್ಚಿಲ್ಲ. ಯಾವುದನ್ನು ನಂಬಿಕೊಂಡು ಬಂದಿದ್ದೀರಿ ಎಂಬುದಕ್ಕೆ ಹಾಗಲ್ಲ. ದೀಪಕ್ಕೆ ಎಣ್ಣೆ ಆಗಬೇಕು, ಎಳನೀರಿನ ಬೊಂಡ ಆಗಬೇಕು, ಆಫೀಸಿಗೆ ರಜೆ ಹಾಕಬೇಕು, ಪಾಲುಪಟ್ಟಿಯಲ್ಲಿ ಮಾತು ಬಿಟ್ಟ ದಾಯಾದಿಯ ಪಕ್ಕದಲ್ಲೇ ಕೂತು ಊಟ ಮಾಡಬೇಕು. ದೈವ ಮೈಮೇಲೆ ಬಂದು ಮಾತಾಡುವ ಕೋಲದ ರಾತ್ರಿ ಕೈಮುಗಿದು ನಿಂತವರಲ್ಲಿ "ದೈವ ಉಂಟು" ಎಂದು ಬರೆದುಕೊಡುವವರು ಎಷ್ಟು ಮಂದಿ ಸಿಕ್ಕಾರು, ನನಗೆ ಅನುಮಾನ. ಆದರೂ ನಿಂತಿರುತ್ತಾರೆ. ದೂರು ಇದ್ದವರು ದೂರು ಹೇಳಿಕೊಳ್ಳುತ್ತಾರೆ. ಹೋದ ವರ್ಷ ನುಡಿ ಕೊಟ್ಟದ್ದು ನಡೆಯಲಿಲ್ಲವಲ್ಲ ಎಂದು ದೈವವನ್ನೇ ಕೇಳುವವರಿದ್ದಾರೆ, ದೈವ ಅದಕ್ಕೆ ಸಮಜಾಯಿಷಿಯನ್ನೂ ಕೊಡುತ್ತದೆ.

ಜಗತ್ತಿನ ಧರ್ಮಗಳನ್ನು ಹೋಲಿಸುವ ಬರಹಗಳು ಸಾಮಾನ್ಯವಾಗಿ ಮೊದಲನೆಯ ಪ್ರಶ್ನೆಯ ಮೇಲೆಯೇ ನಿಂತಿರುತ್ತವೆ. ಇವರಿಗೆ ಒಬ್ಬನೇ ದೇವರು, ಅವರಿಗೆ ಹಲವರು, ಬೌದ್ಧರಿಗೆ ಜೈನರಿಗೆ ಸೃಷ್ಟಿಕರ್ತನೇ ಇಲ್ಲ, ಹೀಗೆ. ಓದಿ ಮುಗಿಸಿದರೆ ರೇಷನ್ ಕಾರ್ಡಿನ ಹೆಸರುಪಟ್ಟಿ ನೋಡಿದ ಹಾಗಾಗುತ್ತದೆ. ಮೂಲ ಗ್ರಂಥಗಳನ್ನು ತೆರೆದರೆ ಮಾತ್ರ ಅಲ್ಲಿರುವುದು ಹೆಚ್ಚಾಗಿ ನಮ್ಮ ಹಿರಿಯರ ಪ್ರಶ್ನೆಯೇ. ಯಾರನ್ನು ನಂಬಿದೆ, ನಂಬಿ ಏನು ಮಾಡಿದೆ, ನಂಬಿದವನ ಜತೆ ಜಗಳ ಬಂದಾಗ ಏನಾಯಿತು.

ಕಠೋಪನಿಷತ್ತಿನ ನಚಿಕೇತನನ್ನೇ ನೋಡಿ. ಅಪ್ಪ ಇದ್ದದ್ದನ್ನೆಲ್ಲ ದಾನ ಮಾಡುವ ಯಾಗ ಹಿಡಿದಿದ್ದಾನೆ. ದಾನಕ್ಕೆ ತಂದು ನಿಲ್ಲಿಸಿದ ಹಸುಗಳೋ ನೀರು ಕುಡಿದು ಮುಗಿದವು, ಹುಲ್ಲು ತಿಂದು ಮುಗಿದವು, ಹಾಲು ಕರೆದು ಮುಗಿದವು. ಹಟ್ಟಿಯಲ್ಲಿ ಇಟ್ಟುಕೊಂಡರೆ ಹೊರೆ, ಕೊಟ್ಟರೆ ಪುಣ್ಯ. ಇದನ್ನು ನೋಡುತ್ತ ನಿಂತ ಹುಡುಗನೊಳಗೆ ಶ್ರದ್ಧೆ ಹೊಕ್ಕಿತು ಎನ್ನುತ್ತದೆ ಉಪನಿಷತ್ತು. ಶ್ರದ್ಧೆ ಹೊಕ್ಕವನು ಮಾಡಿದ್ದೇನು? ಕಣ್ಣುಮುಚ್ಚಿ ಕೂರಲಿಲ್ಲ. ಅಪ್ಪನ ಬಳಿ ಹೋಗಿ "ನನ್ನನ್ನು ಯಾರಿಗೆ ಕೊಡುತ್ತೀ?" ಎಂದ. ಒಮ್ಮೆ ಅಲ್ಲ, ಮೂರು ಸಲ. ರೇಗಿದ ಅಪ್ಪ "ಯಮನಿಗೆ" ಎಂದ. ಹುಡುಗ ಯಮನಲ್ಲಿಗೂ ಹೋದ, ಅಲ್ಲಿ ಕೇಳಿದ್ದೂ ಸಂಶಯವನ್ನೇ: ಸತ್ತವನು ಇದ್ದಾನೆ ಎನ್ನುತ್ತಾರೆ ಕೆಲವರು, ಇಲ್ಲ ಎನ್ನುತ್ತಾರೆ ಕೆಲವರು, ಯಾವುದು ಸರಿ? ಯಮ ಸಂಪತ್ತು, ಆಯುಷ್ಯ, ಅಪ್ಸರೆಯರು ಎಲ್ಲವನ್ನೂ ಮುಂದಿಟ್ಟು ಪ್ರಶ್ನೆ ಬಿಡಿಸಲು ನೋಡಿದ. ಆಗಲಿಲ್ಲ. ಯಾಗವನ್ನು ಆ ಮನೆಯಲ್ಲಿ ನಿಜವಾಗಿ ನಂಬಿದ್ದವನು ಹುಡುಗನೊಬ್ಬನೇ, ಅದಕ್ಕೇ ಅವನಿಗೆ ಆ ಹಸುಗಳನ್ನು ನೋಡಿ ಸಂಕಟವಾಯಿತು ಎಂದು ನನಗೆ ಅನ್ನಿಸುತ್ತದೆ. ನಂಬದವನಿಗೆ ಮುದಿ ಹಸುವಾದರೇನು, ಎಳೆಗಂದಿಯಾದರೇನು.

ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿ ಇಬ್ರಾಹಿಮರು ದೇವರನ್ನು ಕೇಳುತ್ತಾರೆ: ಸತ್ತವರನ್ನು ನೀನು ಹೇಗೆ ಬದುಕಿಸುತ್ತೀ, ತೋರಿಸು. "ನಿನಗೆ ವಿಶ್ವಾಸವಿಲ್ಲವೇ?" ಎನ್ನುತ್ತಾನೆ ದೇವರು. ಉಂಟು, ಆದರೆ ನನ್ನ ಮನಸ್ಸಿಗೆ ಸಮಾಧಾನ ಆಗಬೇಕು, ಎನ್ನುತ್ತಾರೆ ಇಬ್ರಾಹಿಮರು. ದೇವರು ಸಿಟ್ಟಾಗುವುದಿಲ್ಲ, ನಾಲ್ಕು ಹಕ್ಕಿಗಳನ್ನು ಹಿಡಿದು ತಾ ಎನ್ನುತ್ತಾನೆ. ಯೆಹೂದ್ಯ, ಕ್ರೈಸ್ತ, ಮುಸ್ಲಿಂ ಮೂವರಿಗೂ ನಂಬಿಕೆಯ ಪಿತಾಮಹ ಈತನೇ, ಬೈಬಲ್ಲಿನ ಅಬ್ರಹಾಮ. ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗಾರ್ಡ್ 1843ರಲ್ಲಿ ಈತ ಮಗನನ್ನು ಬಲಿಗೆ ಕರೆದೊಯ್ದ ಕಥೆಯೊಂದನ್ನೇ ಹಿಡಿದು ಇಡೀ ಪುಸ್ತಕ ಬರೆದ. ನಂಬಿಕೆ ಎಂದರೆ ತರ್ಕ ಮುಗಿದ ಮೇಲೆ ಒಂಟಿಯಾಗಿ ಇಡುವ ಹೆಜ್ಜೆ ಎಂಬುದು ಅವನ ವಾದ. (ಅದೇ 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದು. ಸಂಬಂಧ ಏನೂ ಇಲ್ಲ, ನನಗೆ ಇಸವಿಗಳ ಹುಚ್ಚು.) ಕೀರ್ಕೆಗಾರ್ಡನ ಅಬ್ರಹಾಮ ಯಾರಲ್ಲೂ ಬಾಯಿಬಿಡದೆ ಬೆಟ್ಟ ಹತ್ತುತ್ತಾನೆ. ಕುರ್‌ಆನಿನ ಇಬ್ರಾಹಿಮರು ಮಗನಿಗೆ ಕನಸನ್ನು ಹೇಳಿ, ನಿನಗೇನು ಅನ್ನಿಸುತ್ತದೆ ನೋಡು ಎಂದು ಕೇಳುತ್ತಾರೆ. ಎರಡನೆಯದು ನನಗೆ ಹೆಚ್ಚು ಹಿಡಿಸುತ್ತದೆ. ಕುಟುಂಬದಲ್ಲಿ ಮಾತಾಡಿಕೊಂಡೇ ದೊಡ್ಡ ಹರಕೆ ಹೊರುವ ಊರಿನವನು ನಾನು.

ಬೈಬಲ್ಲಿನಲ್ಲಿ ತೋಮನ ಕಥೆ ಎಲ್ಲರಿಗೂ ಗೊತ್ತು, ಯೇಸುವಿನ ಗಾಯ ಮುಟ್ಟದೆ ಆತ ಎದ್ದುಬಂದದ್ದನ್ನು ನಂಬುವುದಿಲ್ಲ ಎಂದವನು. ನನಗೆ ಅವನಿಗಿಂತ ಹತ್ತಿರದವನು ಮಾರ್ಕನ ಸುವಾರ್ತೆಯಲ್ಲಿ ಬರುವ, ಹೆಸರೂ ಇಲ್ಲದ ಒಬ್ಬ ತಂದೆ. ಮಗನಿಗೆ ಫಿಟ್ಸ್ ಬರುತ್ತದೆ, ಬೆಂಕಿಗೂ ನೀರಿಗೂ ಬೀಳುತ್ತಾನೆ. ನಂಬುವವನಿಗೆ ಎಲ್ಲವೂ ಸಾಧ್ಯ ಎಂದು ಯೇಸು ಹೇಳಿದಾಗ ಆ ಮನುಷ್ಯ ಕೂಗುತ್ತಾನೆ: "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು." ಒಂದೇ ಉಸಿರಿನಲ್ಲಿ ಎರಡೂ. ಮಗ ಗುಣವಾಗುತ್ತಾನೆ. ಮೊದಲು ನಿನ್ನ ಅಪನಂಬಿಕೆ ಸರಿ ಮಾಡಿಕೊಂಡು ಬಾ ಎಂದು ಯಾರೂ ವಾಪಸು ಕಳಿಸಲಿಲ್ಲ.

ಬುದ್ಧ ಕಾಲಾಮರೆಂಬ ಜನರಿಗೆ ಹೇಳಿದ್ದು ಈಗ ವಾಟ್ಸಾಪಿನಲ್ಲಿ ತಿರುಗಿ ತಿರುಗಿ ಸವೆದುಹೋಗಿದೆ. ಕೇಳಿಬಂದದ್ದೆಂದು ಒಪ್ಪಬೇಡಿ, ಗ್ರಂಥದಲ್ಲಿದೆ ಎಂದು ಒಪ್ಪಬೇಡಿ, ಗುರು ಹೇಳಿದನೆಂದು ಒಪ್ಪಬೇಡಿ. ಮುಂದಿನ ಭಾಗವನ್ನು ಮಾತ್ರ ಯಾರೂ ಕಳಿಸುವುದಿಲ್ಲ. ಬರಿಯ ತರ್ಕವನ್ನು ನೆಚ್ಚಿಕೊಂಡೂ ಒಪ್ಪಬೇಡಿ, ಆಚರಿಸಿದರೆ ಯಾವುದರಿಂದ ಕೇಡು ಯಾವುದರಿಂದ ಹಿತ ಎಂದು ನೀವೇ ಕಂಡುಕೊಳ್ಳಿ, ತಿಳಿದವರು ಏನನ್ನುತ್ತಾರೆಂದೂ ನೋಡಿ ಎಂದೂ ಆತ ಹೇಳಿದ್ದ. ಅದು ಕೆಲಸ ಕೊಡುವ ಮಾತು, ಫಾರ್ವರ್ಡ್ ಮಾಡಲು ಅಷ್ಟು ಚೆನ್ನಾಗಿಲ್ಲ.

ಉಡುಪಿಯವರಿಗೆ ಇದೇನೂ ಹೊಸತಲ್ಲ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು 13ನೆಯ ಶತಮಾನದಲ್ಲೇ ಭಕ್ತಿಗೆ ಕೊಟ್ಟ ಲಕ್ಷಣ, "ಮಾಹಾತ್ಮ್ಯಜ್ಞಾನಪೂರ್ವಸ್ತು ಸುದೃಢಃ ಸರ್ವತೋಽಧಿಕಃ ಸ್ನೇಹಃ." ಮೊದಲು ಅವನ ದೊಡ್ಡತನದ ಅರಿವು, ಆಮೇಲೆ ಉಳಿದೆಲ್ಲದಕ್ಕಿಂತ ಮಿಗಿಲಾದ ಗಟ್ಟಿ ಸ್ನೇಹ. ಅರಿಯದೆ ಸ್ನೇಹವಿಲ್ಲ, ಸ್ನೇಹವಿಲ್ಲದ ಅರಿವು ಭಕ್ತಿಯಲ್ಲ. ರಥಬೀದಿಯಲ್ಲಿ ನಿಂತರೆ ಎರಡೂ ಕಾಣುತ್ತದೆ. ಮಠದೊಳಗೆ ವಿದ್ವಾಂಸರು ವಾಕ್ಯಾರ್ಥಕ್ಕೆ ಕೂತು ಒಂದು ಪದಕ್ಕಾಗಿ ಗಂಟೆಗಟ್ಟಲೆ ಗುದ್ದಾಡುತ್ತಿರುತ್ತಾರೆ. ಆಚೆ ಕನಕನ ಕಿಂಡಿಯಲ್ಲಿ ಹಣೆ ಚಾಚಿ ನಿಂತ ಅಜ್ಜಿ, ಹಿಂದಿನವರು ತಳ್ಳುತ್ತಿದ್ದರೂ ಅಲುಗುವುದಿಲ್ಲ.

ಹಾಗಂತ ಎಲ್ಲ ಪರಂಪರೆಗಳೂ ಸಂಶಯವನ್ನು ಕರೆದು ಮಣೆ ಹಾಕುತ್ತವೆ ಎಂದರೆ ಸುಳ್ಳಾಗುತ್ತದೆ. ಜೈನರ ತತ್ತ್ವಾರ್ಥಸೂತ್ರದಲ್ಲಿ ಮೋಕ್ಷಮಾರ್ಗದ ಮೊದಲ ಮೆಟ್ಟಿಲೇ ಸಮ್ಯಗ್ದರ್ಶನ, ತತ್ತ್ವದಲ್ಲಿ ಸರಿಯಾದ ಶ್ರದ್ಧೆ. ಅದಕ್ಕೆ ತಗಲುವ ದೋಷಗಳ ಸಾಲಿನಲ್ಲಿ ಮೊದಲು ನಿಲ್ಲುವುದು ಶಂಕೆ. ಅದೇ ಪರಂಪರೆಯ ಸಮಂತಭದ್ರಾಚಾರ್ಯರು ನದಿ ಸಮುದ್ರ ಸ್ನಾನದಿಂದ, ಮರಳು ಕಲ್ಲು ರಾಶಿ ಹಾಕುವುದರಿಂದ ಪುಣ್ಯ ಬರುತ್ತದೆ ಎಂಬುದನ್ನು ಲೋಕಮೂಢತೆ ಎಂದು ಕರೆದು ಪಕ್ಕಕ್ಕಿಡುತ್ತಾರೆ. ಶಂಕೆಯೂ ದೋಷ, ಮೂಢತೆಯೂ ದೋಷ. ನಡುವೆ ಉಳಿಯುವ ಜಾಗ ಕಿರಿದು.

ಮೂಡುಬಿದಿರೆಯ ಕಥೆ ಈ ಕಿರಿದಾದ ಜಾಗದಲ್ಲೇ ನಡೆದದ್ದು. 1430ರ ಸಾವಿರ ಕಂಬದ ಬಸದಿಯನ್ನು ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಸೋಜಿಗ ಅಲ್ಲಿನ ತಾಳೆಗರಿಗಳದ್ದು. ದಿಗಂಬರ ಜೈನರ ಅತಿ ಪ್ರಾಚೀನ ಸಿದ್ಧಾಂತ ಗ್ರಂಥಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಅದರ ಜತೆಗೆ ಜಯಧವಲಾ, ಮಹಾಧವಲಾ, ಹಳಗನ್ನಡ ಲಿಪಿಯಲ್ಲಿ ಅಲ್ಲಿ ಉಳಿದಿದ್ದವು. ಶತಮಾನಗಳ ಕಾಲ ಅವು ಇದ್ದದ್ದು ದರ್ಶನಕ್ಕೆ. ಉತ್ತರದಿಂದ ಯಾತ್ರಿಕರು ಬಂದು, ಗರಿಗಳಿಗೆ ಕೈಮುಗಿದು, ಕಾಣಿಕೆ ಹಾಕಿ ಹೋಗುತ್ತಿದ್ದರು. ಓದುವ ಕ್ರಮ ಇರಲಿಲ್ಲ. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಿಂದ ಸಂಪುಟ ಸಂಪುಟವಾಗಿ ಅಚ್ಚಾದವು. ಮೊದಲು ಇದನ್ನು ತಿಳಿದಾಗ ನನಗೆ ಸಿಟ್ಟೇ ಬಂದಿತ್ತು: ಒಳಗೇನಿದೆ ಎಂದು ನೋಡದೆ ಪೂಜೆ ಮಾಡುವುದಕ್ಕಿಂತ ದೊಡ್ಡ ಮೂಢತೆ ಉಂಟೇ? ಈಗ ಸಿಟ್ಟು ಅಷ್ಟಿಲ್ಲ. ನಮ್ಮ ಮಳೆಗಾಲ ಗೊತ್ತಲ್ಲ. ಗೋಡೆಗೆ ಬೂಷ್ಟು, ಪುಸ್ತಕಕ್ಕೆ ಗೆದ್ದಲು, ಬೆಳ್ಳಿಮೀನು ಹುಳ. ಈ ಹವೆಯಲ್ಲಿ ತಾಳೆಗರಿ ನೂರಾರು ವರ್ಷ ಬಾಳಿದ್ದು ಯಾರೋ ಒಬ್ಬರು ಅದನ್ನು ದೇವರೆಂದುಕೊಂಡು ಬಿಚ್ಚಿ ಕಟ್ಟಿ ಕಾದುಕೊಂಡದ್ದರಿಂದ. ಓದಲಾರದವರು ಓದುವವರಿಗಾಗಿ ಉಳಿಸಿಟ್ಟರು. ಬೀಗ ಹಾಕಿದ್ದೂ ಅದೇ ನಂಬಿಕೆ, ಉಳಿಸಿದ್ದೂ ಅದೇ ನಂಬಿಕೆ. ಒಂದನ್ನು ಬೈದು ಇನ್ನೊಂದನ್ನು ಹೊಗಳುವುದು ಹೇಗೆ ಎಂದು ನನಗೆ ಬಗೆಹರಿದಿಲ್ಲ.

ಇನ್ನು ಕಡಲಿನ ವಿಚಾರ. ನಮ್ಮ ದೇವರುಗಳಲ್ಲಿ ಕೆಲವರು ದೋಣಿಯಲ್ಲೇ ಬಂದವರು. ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವರು ಬಟ್ಟೆ ಬೀಸಿ ದಡಕ್ಕೆ ತಂದರು, ನಾವಿಕ ಕೊಟ್ಟ ಗೋಪೀಚಂದನದ ಗಟ್ಟಿಯೊಳಗೆ ಉಡುಪಿಯ ಕೃಷ್ಣ ಸಿಕ್ಕಿದ ಎಂಬುದು ಐತಿಹ್ಯ. ಮುಲ್ಕಿಯ ಬಪ್ಪನಾಡಿನ ದುರ್ಗಾಪರಮೇಶ್ವರಿ ಪ್ರಕಟವಾದದ್ದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ಶಾಂಭವಿ ನದಿಯಲ್ಲಿ ನಿಂತುಹೋದಾಗ. ದೇವಸ್ಥಾನದ ಹೆಸರಿನಲ್ಲೇ ಆತ ಇದ್ದಾನೆ, ಜಾತ್ರೆಯ ಪ್ರಸಾದ ಇಂದಿಗೂ ಆ ಮನೆತನಕ್ಕೆ ಸಲ್ಲುತ್ತದೆ. ಮೀನುಗಾರ ಮೊಗವೀರರು ನಂಬುವ ಬೊಬ್ಬರ್ಯ ದೈವದ ತಂದೆಯೂ ಮುಸ್ಲಿಂ ವರ್ತಕನೆಂದು ಪಾಡ್ದನ, ಅಂದರೆ ದೈವದ ಕಥೆಯ ತುಳು ಹಾಡು, ಹೇಳುತ್ತದೆ. ಕಡಲು ಮನುಷ್ಯನನ್ನು ನಂಬಿಸುತ್ತದೆ, ಅದರಲ್ಲಿ ಅಚ್ಚರಿಯಿಲ್ಲ.

ಆದರೆ ಕಡಲ ಮೇಲಿನ ನಂಬಿಕೆಗೆ ಅತಿ ಕಠಿಣ ಪರೀಕ್ಷೆ ಇಟ್ಟವನು ಇಂಗ್ಲೆಂಡಿನ ಕ್ಲಿಫರ್ಡ್ ಎಂಬ ಗಣಿತಜ್ಞ, 1877ರಲ್ಲಿ. ಅವನ ಕಥೆಯಲ್ಲಿ ಒಬ್ಬ ಹಡಗಿನ ಯಜಮಾನ. ಹಡಗು ಹಳೆಯದು, ರಿಪೇರಿ ಬೇಕು ಎಂದು ಅವನಿಗೆ ಗೊತ್ತು. ಇಷ್ಟು ಸಲ ಸುಖವಾಗಿ ಹೋಗಿ ಬಂದಿದೆ, ಹೊಟ್ಟೆಪಾಡಿಗೆ ದೇಶ ಬಿಟ್ಟು ಹೊರಟ ಸಂಸಾರಗಳನ್ನು ದೇವರು ಕೈಬಿಡಲಾರ ಎಂದು ತನಗೆ ತಾನೇ ಹೇಳಿಕೊಂಡು, ನಿಜವಾಗಿಯೂ ನಂಬಿ, ಹಡಗನ್ನು ಬೀಳ್ಕೊಡುತ್ತಾನೆ. ನಡುಗಡಲಲ್ಲಿ ಅದು ಮುಳುಗಿದಾಗ ವಿಮೆಯ ಹಣ ತೆಗೆದುಕೊಂಡು ಸುಮ್ಮನಾಗುತ್ತಾನೆ. ಅವನ ನಂಬಿಕೆ ಪ್ರಾಮಾಣಿಕವೇ ಇರಬಹುದು, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಮುಳುಗದೆ ದಡ ಸೇರಿದ್ದರೂ ತಪ್ಪು ತಪ್ಪೇ.

ಇದನ್ನು ತಲೆಯಲ್ಲಿಟ್ಟುಕೊಂಡು ಜುಲೈ ಕೊನೆಗೆ ಬೋಟುಗಳು ನಿಲ್ಲುವ ಮಂಗಳೂರಿನ ದಕ್ಕೆಗೆ ಹೋಗಿ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಅದು ಮುಗಿಯುವ ಹೊತ್ತಿಗೆ ದಕ್ಕೆಯಲ್ಲಿ ಪೇಂಟಿನ ವಾಸನೆ, ಡೀಸೆಲ್ ವಾಸನೆ, ಹರಡಿ ಕೂತು ಬಲೆ ಸರಿಮಾಡುವವರು. ನನಗೆ ಪರಿಚಯದ, ಬೋಟು ನಡೆಸುವ ತಂಡೇಲರೊಬ್ಬರು ಮರದ ಬೋಟಿನ ಹೊಟ್ಟೆಗೆ ಟಾರ್ಚ್ ಹಿಡಿದು, ಹಲಗೆಗಳ ಸಂದಿಗೆ ತುರುಕಿದ ಹತ್ತಿಯನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು. ಒಂದು ಕಡೆ ಉಗುರು ಸ್ವಲ್ಪ ಒಳಗಿಳಿಯಿತು. ಬೋಟಿನ ಕೆಲಸದ ಕಲಾಸಿಯನ್ನು ಕರೆದು ಬೈದು, ಅಷ್ಟುದ್ದವನ್ನೂ ಕೀಳಿಸಿ ಹೊಸದಾಗಿ ತುಂಬಿಸಿದರು. ಅವರ ತಲೆಯ ಮೇಲೆ ಕ್ಯಾಬಿನ್ನಿನಲ್ಲಿ ಕಟೀಲು ದೇವಿಯ ಫೋಟೊ, ಪಕ್ಕದಲ್ಲಿ ವೇಲಾಂಕಣಿ ಮಾತೆ, ಕೆಳಗೆ ವಯರ್‌ಲೆಸ್ ಸೆಟ್ಟು, ಜಿಪಿಎಸ್.

"ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡ್ತೀರಲ್ಲ, ಹಾಲು ಬಿಡ್ತೀರಿ, ಕಾಯಿ ಬಿಡ್ತೀರಿ. ಮತ್ತೆ ಇಷ್ಟು ಹೆದರಿಕೆ ಎಂತಕ್ಕೆ?" ಎಂದು ಕೇಳಿದೆ, ಸ್ವಲ್ಪ ಕೆಣಕುವ ಹಾಗೆಯೇ.

"ಪೂಜೆ ಮಾಡಿದ್ದು ಸಮುದ್ರಕ್ಕೆ ಮಾರಾಯ್ರೆ, ಬೋಟಿಗಲ್ಲ" ಎಂದರು. "ಬೋಟು ನೋಡಿಕೊಳ್ಳುದು ನನ್ನ ಕೆಲಸ. ಅದನ್ನೂ ದೇವರ ತಲೆಗೆ ಕಟ್ಟಿದ್ರೆ ಅವರು ಸುಮ್ಮನೆ ಬಿಡ್ತಾರಾ?"

ಒಂಟೆಯನ್ನು ಕಟ್ಟಿ ಆಮೇಲೆ ದೇವರ ಮೇಲೆ ಭರವಸೆ ಇಡು ಎಂಬ ಪ್ರವಾದಿಯವರ ಮಾತನ್ನು ಬಂದರಿನ ಬ್ಯಾರಿ ಗೆಳೆಯರು ಆಗಾಗ ಹೇಳುವುದುಂಟು. ತಂಡೇಲರು ಹೇಳಿದ್ದು ಬೇರೇನಲ್ಲ. ಆದರೆ ಕ್ಲಿಫರ್ಡನಿಗೆ ಇಷ್ಟಕ್ಕೆ ತೃಪ್ತಿಯಾಗದು. ಸಾಕಷ್ಟು ಆಧಾರವಿಲ್ಲದೆ ಏನನ್ನೂ ನಂಬುವುದು ಎಲ್ಲರಿಗೂ ಎಲ್ಲ ಕಾಲಕ್ಕೂ ತಪ್ಪು ಎಂದವನು ಅವನು. ಅದಕ್ಕೆ ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರ ಕೊಟ್ಟ: ಕೆಲವು ಕಡೆ ಆಧಾರ ಸಿಗುವವರೆಗೆ ಕಾಯುವುದೂ ಒಂದು ನಿರ್ಧಾರವೇ, ಅದಕ್ಕೂ ಬೆಲೆ ತೆರಬೇಕು. ಬೆಟ್ಟದಲ್ಲಿ ಸಿಕ್ಕಿಬಿದ್ದವನು ಕಂದರ ಹಾರಲೇಬೇಕಾದಾಗ, ಹಾರಬಲ್ಲೆ ಎಂಬ ನಂಬಿಕೆಯೇ ಕಾಲಿಗೆ ಬಲ ಕೊಡುತ್ತದೆ ಎಂಬುದು ಅವನದೇ ಇನ್ನೊಂದು ಉದಾಹರಣೆ. ಉಗುರಿನಿಂದ ಒತ್ತಿ ನೋಡಬಹುದಾದ ಜಾಗದಲ್ಲಿ ನಾನು ಕ್ಲಿಫರ್ಡನ ಪಕ್ಷ. ಅಳಿವೆ ದಾಟಿ ಕಡಲಿಗಿಳಿದ ಮೇಲೆ ಜೇಮ್ಸನ ಪಕ್ಷ. ಕೇಡು ಬರುವುದು ಹೆಚ್ಚಾಗಿ ಈ ಎರಡನ್ನು ಅದಲುಬದಲು ಮಾಡಿಕೊಂಡಾಗ. ಡಾಕ್ಟರಿಗೆ ತೋರಿಸಬೇಕಾದ ಜ್ವರಕ್ಕೆ ಚಿಟಿಕೆ ಭಸ್ಮ ಹಚ್ಚಿ ಕೂರುವವರನ್ನು ಕಂಡಿದ್ದೇನೆ. ಮದುವೆಯಾಗಲು, ಸ್ನೇಹ ಮಾಡಲು ಗ್ಯಾರಂಟಿ ಪತ್ರ ಕೇಳುವವರನ್ನೂ ಕಂಡಿದ್ದೇನೆ.

ಎಲ್ಲ ಸರಿಯಾಗಿ ಮಾಡಿಯೂ, ಎಲ್ಲ ನಂಬಿಯೂ ಬರದೇ ಹೋದರೆ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯ ಸಮೇತ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕರಾವಳಿಯಾಚೆ, ಕಡಲ ತಳದಲ್ಲಿ. ಆ ನಡುವಿನ ತಿಂಗಳುಗಳಲ್ಲಿ ಇಲ್ಲಿ ಎಷ್ಟು ಹರಕೆ ಹೊತ್ತಿರಬಹುದು, ಎಷ್ಟು ಕಡೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿರಬಹುದು. ಇದಕ್ಕೆ ಯಾವ ತತ್ತ್ವಜ್ಞಾನಿಯ ಉತ್ತರವೂ ನನಗೆ ಸಾಲುವುದಿಲ್ಲ. ಬೈಬಲ್ಲಿನ ಯೋಬನ ಗ್ರಂಥ ಸ್ವಲ್ಪ ಸಾಲುತ್ತದೆ, ಏಕೆಂದರೆ ಅದರಲ್ಲಿ ಉತ್ತರವೇ ಇಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬ ದೇವರನ್ನು ನ್ಯಾಯಕ್ಕೆ ಕರೆಯುತ್ತಾನೆ. ಸಮಾಧಾನ ಹೇಳಲು ಬಂದ ಗೆಳೆಯರು ದೇವರ ಪರ ವಕೀಲಿಕೆ ಮಾಡುತ್ತಾರೆ: ನೀನೇನೋ ತಪ್ಪು ಮಾಡಿರಬೇಕು, ದೇವರು ಸುಮ್ಮನೆ ಶಿಕ್ಷಿಸುವವನಲ್ಲ. ಅಧ್ಯಾಯಗಟ್ಟಲೆ ಇದೇ. ಸಾವಿನ ಮನೆಗೆ ಬಂದು "ಏನೋ ದೋಷ ಉಂಟು" ಎನ್ನುವವರನ್ನು ನಾವೂ ನೋಡಿದ್ದೇವೆ. ಕೊನೆಯಲ್ಲಿ ದೇವರು ಬಂದು ಆ ಗೆಳೆಯರ ಮೇಲೇ ಸಿಟ್ಟಾಗುತ್ತಾನೆ. ನನ್ನ ವಿಷಯವಾಗಿ ಯೋಬ ಆಡಿದಂತೆ ನೀವು ಸರಿಯಾಗಿ ಆಡಲಿಲ್ಲ ಎನ್ನುತ್ತಾನೆ. ಜಗಳ ಕಾದವನದೇ ಸರಿಯಾದ ಮಾತು! ಮದರ್ ತೆರೆಸಾ ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ, ದಶಕಗಳ ಕಾಲ ದೇವರು ಇದ್ದಾನೆಂಬ ಅನುಭವವೇ ತನಗೆ ಆಗಿರಲಿಲ್ಲ ಎಂದು ಅವರು ಬರೆದದ್ದು ಬಹಳ ಜನರಿಗೆ ಆಘಾತವಾಯಿತು. ಹಾಗಾದರೆ ಅವರು ನಾಸ್ತಿಕರೋ ಎಂಬ ಚರ್ಚೆಯೂ ನಡೆಯಿತು. ಬೆಳಿಗ್ಗೆ ಎದ್ದು ಅದೇ ಕೆಲಸಕ್ಕೆ ಹೋಗುತ್ತಲೇ ಇದ್ದರಲ್ಲ, ಅದನ್ನು ಯಾವ ಲೆಕ್ಕಕ್ಕೆ ಬರೆಯುವುದು?

ಇತ್ತೀಚೆಗೆ ನಮ್ಮ ಜಿಲ್ಲೆಗಳಲ್ಲಿ ನಂಬಿಕೆ ಎಂಬ ಶಬ್ದ ಹೆಚ್ಚಾಗಿ "ಧಕ್ಕೆ"ಯ ಜತೆಗೇ ಕಿವಿಗೆ ಬೀಳುತ್ತದೆ. ಇದರ ಬಗ್ಗೆ ಉದ್ದ ಬರೆಯುವ ಮನಸ್ಸಿಲ್ಲ. ಮರುಭೂಮಿಯ ಅರಬರು ಬಂದು ನಾವು ವಿಶ್ವಾಸಿಗಳಾದೆವು ಎಂದಾಗ, ಶರಣಾಗಿದ್ದೇವೆ ಎಂದಷ್ಟೇ ಹೇಳಿ, ವಿಶ್ವಾಸ ಇನ್ನೂ ನಿಮ್ಮ ಹೃದಯದೊಳಗೆ ಇಳಿದಿಲ್ಲ ಎನ್ನುತ್ತದೆ ಕುರ್‌ಆನ್. ಸಮಂತಭದ್ರರು ಸಮ್ಯಗ್ದರ್ಶನಕ್ಕೆ ಇರಕೂಡದ ಎಂಟು ಮದಗಳನ್ನು ಹೆಸರಿಸುತ್ತಾರೆ. ಅದರಲ್ಲಿ ಕುಲದ ಮದವೂ ಉಂಟು, ಜಾತಿಯ ಮದವೂ ಉಂಟು, ಬಲದ ಮದವೂ ಉಂಟು. "ನಂಬರು ನೆಚ್ಚರು ಬರಿದೆ ಕರೆವರು" ಎಂದು ಬಸವಣ್ಣ ಬೇಸರಪಟ್ಟದ್ದು 12ನೆಯ ಶತಮಾನದಲ್ಲಿ. ಆಗ ಮೈಕ್ ಇರಲಿಲ್ಲ.

ಹರಕೆಯ ಬಗ್ಗೆ ಹೇಳದಿದ್ದರೆ ಕರಾವಳಿಯ ನಂಬಿಕೆಯ ಬಗ್ಗೆ ಬರೆದಂತಾಗದು. ಕೀಲಿಕೈ ಕಳೆದರೆ ಕೊರಗಜ್ಜ ದೈವಕ್ಕೆ ಚಕ್ಕುಲಿ, ವೀಳ್ಯ. ಕ್ರೈಸ್ತರ ಮನೆಯಲ್ಲಿ ಅದೇ ಕೀಲಿಕೈಗೆ ಸಂತ ಅಂತೋನಿ. ಕಾರ್ಕಳದ ಅತ್ತೂರು ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಓದಿದವರು ಇದನ್ನು ದೇವರಿಗೆ ಕೊಡುವ ಲಂಚ ಎಂದು ನಗುವುದುಂಟು, ನಾನೂ ನಕ್ಕಿದ್ದೆ. ಆದರೆ ಫ್ರಾನ್ಸಿನ ಪಾಸ್ಕಲ್ ಹೇಳಿದ ಪ್ರಸಿದ್ಧ ಬಾಜಿಯೂ ಲಾಭನಷ್ಟದ ಲೆಕ್ಕವೇ: ದೇವರಿದ್ದರೆ ನಂಬಿದವನಿಗೆ ಅಪಾರ ಲಾಭ, ಇಲ್ಲದಿದ್ದರೆ ಹೋಗುವುದು ಅಲ್ಪ. ಸಂಭವನೀಯತೆಯ ಗಣಿತ ಕಟ್ಟಿದವರಲ್ಲಿ ಒಬ್ಬನಾದ ಆತ ಹಾಗೆ ಯೋಚಿಸಿದ್ದು ಸಹಜ. ಆದರೆ 1662ರಲ್ಲಿ ಆತ ಸತ್ತ ಮೇಲೆ ಕೋಟಿನ ಒಳಬಟ್ಟೆಯಲ್ಲಿ ಹೊಲಿದಿಟ್ಟ ಚೀಟಿಯೊಂದು ಸಿಕ್ಕಿತು. 1654ರ ನವೆಂಬರ್ 23ರ ರಾತ್ರಿ ತನಗಾದ ಅನುಭವವನ್ನು ಬರೆದುಕೊಂಡದ್ದು. ಬೆಂಕಿ ಎಂಬ ಒಂದು ಶಬ್ದ, ಆಮೇಲೆ: ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು, ತತ್ತ್ವಜ್ಞಾನಿಗಳ, ವಿದ್ವಾಂಸರ ದೇವರಲ್ಲ. ಲೆಕ್ಕವನ್ನು ಇತರರಿಗೆ ಹೇಳಿದ, ಚೀಟಿಯನ್ನು ತಾನಿಟ್ಟುಕೊಂಡ.

ಹರಕೆಗೂ ಇಂಥ ಒಳಬಟ್ಟೆಯೊಂದು ಇರುತ್ತದೆ ಎಂದು ಗೊತ್ತಾದದ್ದು ನಮ್ಮ ಪಕ್ಕದ ಮನೆಯ ಅಕ್ಕನಿಂದ. ಮೊಮ್ಮಗನಿಗೆ ಹುಷಾರಿಲ್ಲದಾಗ ಅವರು ಕಟೀಲು ಮೇಳದ ಯಕ್ಷಗಾನ ಆಟ ಆಡಿಸುತ್ತೇನೆಂದು ಹರಕೆ ಹೊತ್ತಿದ್ದರು. ಹುಡುಗ ಗುಣವಾಗಿ ಈಗ ಶಾಲೆಯ ಕಬಡ್ಡಿ ತಂಡದಲ್ಲಿದ್ದಾನೆ. ಆಟಕ್ಕೆ ಹೆಸರು ಬರೆಸಲು ಹೋದರೆ, ಹರಕೆಯ ಆಟಗಳ ಸಾಲು ವರ್ಷ ವರ್ಷ ಮುಂದಕ್ಕೆ ತುಂಬಿತ್ತು. ಸಿಕ್ಕಿದ ಕಾಲಕ್ಕೆ ಅಕ್ಕನಿಗೆ ಎಂಬತ್ತು ದಾಟಿರುತ್ತದೆ. ಬೇಡಿದ್ದು ಆಗಲೇ ಕೈಸೇರಿದೆ, ಬಾಕಿ ಕೇಳಲು ಯಾರೂ ಮನೆಬಾಗಿಲಿಗೆ ಬರುವುದಿಲ್ಲ. ಲಂಚವಾಗಿದ್ದರೆ ಇಲ್ಲಿಗೆ ಮರೆತುಬಿಡಬಹುದಿತ್ತು.

"ಅಷ್ಟು ವರ್ಷ ಆದಮೇಲೆ ಯಾರು ಆಡಿಸುದು ಅಕ್ಕ?" ಎಂದೆ.

"ನಾನಿಲ್ಲದಿದ್ರೆ ಮಗ ಆಡಿಸ್ತಾನೆ."

"ಅವ ಇದನ್ನೆಲ್ಲ ನಂಬುದಿಲ್ವಲ್ಲ."

"ಅವ ನಂಬುದು ಬೇಡ, ಆಡಿಸಿದ್ರೆ ಸಾಕು" ಎಂದರು, ಹುರುಳಿ ಗೇರುತ್ತಿದ್ದ ಮೊರವನ್ನು ಕೆಳಗಿಡದೆ. "ಮನೆ ಎದುರಿನ ಗದ್ದೆ ಮಾತ್ರ ಮಾರ್ಬೇಡ ಅಂತ ಹೇಳಿದ್ದೇನೆ. ರಂಗಸ್ಥಳಕ್ಕೆ, ಚೌಕಿಗೆ ಎಲ್ಲ ಜಾಗ ಬೇಕಲ್ಲ."